ಉಸಿರಿನ ಇಂಗಾಲವೂ ಕಲ್ಲಿದ್ದಲಿನ ಇಂಗಾಲವೂ ಒಂದೇನಾ?

ಹವಾಮಾನ ಬದಲಾವಣೆ ಬಗ್ಗೆ ಎಲ್ಲಿ ಮಾತು ಶುರುವಾದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ನಾವು ಉಸಿರು ಬಿಟ್ಟಾಗಲೂ ಇಂಗಾಲದ ಡೈಆಕ್ಸೈಡ್ ತಾನೆ ಹೊರಗೆ ಬರುವುದು, ಹಾಗಿದ್ದರೆ ಜನ ಹೆಚ್ಚಾದಷ್ಟೂ ಗಾಳಿ ಕೆಡಬೇಕಲ್ವಾ?

ಇದು ದಡ್ಡ ಪ್ರಶ್ನೆ ಅಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಬಿಡುತ್ತಾನೆ. 800 ಕೋಟಿ ಜನ, 365 ದಿನ. ವರ್ಷಕ್ಕೆ ಸುಮಾರು 290 ಕೋಟಿ ಟನ್ ಆಯಿತು. ಕಲ್ಲಿದ್ದಲು, ಪೆಟ್ರೋಲಿಯಂ, ಅನಿಲ ಎಲ್ಲ ಸುಟ್ಟು ವರ್ಷಕ್ಕೆ ಹೊರಬರುವುದು ಸುಮಾರು 3,700 ಕೋಟಿ ಟನ್. ಅಂದರೆ ನಮ್ಮ ಉಸಿರು ಅದರ ನೂರಕ್ಕೆ ಎಂಟರಷ್ಟು. ಸಣ್ಣ ಮೊತ್ತವೇನಲ್ಲ. ಆದರೂ ಹವಾಮಾನದ ಲೆಕ್ಕ ಇಡುವವರು ಉಸಿರನ್ನು ಮಾಲಿನ್ಯದ ಪಟ್ಟಿಗೆ ಸೇರಿಸುವುದೇ ಇಲ್ಲ.

ಕಾರಣ ಸರಳ. ಉಸಿರಿನಲ್ಲಿ ಹೋಗುವ ಇಂಗಾಲ ಊಟದಿಂದ ಬಂದದ್ದು. ಊಟ ಬಂದದ್ದು ಗಿಡದಿಂದ, ಇಲ್ಲವೇ ಗಿಡ ತಿಂದ ಪ್ರಾಣಿಯಿಂದ. ಗಿಡ ಅದನ್ನು ತೆಗೆದುಕೊಂಡದ್ದು ಗಾಳಿಯಿಂದ, ಅದೂ ಕೆಲವು ತಿಂಗಳ ಹಿಂದೆ, ಹೆಚ್ಚೆಂದರೆ ಕೆಲವು ವರ್ಷಗಳ ಹಿಂದೆ. ಗಾಳಿಯಿಂದ ಬಂದದ್ದು ಗಾಳಿಗೇ ವಾಪಸ್ ಹೋಯಿತು, ಗಾಳಿಯಲ್ಲಿ ಹೊಸದಾಗಿ ಏನೂ ಸೇರಲಿಲ್ಲ. ಆ ಊಟ ಬೆಳೆಯಲು, ಸಾಗಿಸಲು ಸುಟ್ಟ ಡೀಸೆಲ್ ಇದೆಯಲ್ಲ, ಅದರ ಕತೆ ಬೇರೆ. ಈ ವ್ಯತ್ಯಾಸ ಹಿಡಿತಕ್ಕೆ ಸಿಕ್ಕರೆ ಕಾಡು, ಮರ ನೆಡುವುದು, ನೆಟ್ ಜೀರೋ (ಬಿಟ್ಟಷ್ಟು ಇಂಗಾಲವನ್ನೇ ವಾಪಸ್ ಹೀರಿಸಿ ಲೆಕ್ಕ ಸೊನ್ನೆ ಮಾಡುವುದು) ಅಂತ ಇವತ್ತು ನಡೆಯುತ್ತಿರುವ ಮುಕ್ಕಾಲು ಚರ್ಚೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಬುಡದಿಂದಲೇ ನೋಡೋಣ.

ಮರದ ಮೈ ಎಲ್ಲಿಂದ ಬಂತು? ಮಣ್ಣಿನಿಂದ ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಬ್ರಸೆಲ್ಸ್ ಕಡೆಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಇದನ್ನು ತೂಕ ಹಾಕಿಯೇ ನೋಡಿದ. ಒಣಗಿಸಿದ 200 ಪೌಂಡ್ ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, ಧೂಳು ಬೀಳದ ಹಾಗೆ ಮುಚ್ಚಿ, ಬರೀ ನೀರು ಹಾಕುತ್ತಾ ಹೋದ. ಐದು ವರ್ಷದ ಮೇಲೆ ಮರ 169 ಪೌಂಡ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದು ಎರಡು ಔನ್ಸ್, ಅಂದರೆ ಅರವತ್ತು ಗ್ರಾಂ ಕೂಡ ಇಲ್ಲ. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಗಿದ್ದು ಅಂತ ಅವನು ತೀರ್ಮಾನಿಸಿದ. ಅದು 1648ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾಯಿತು. ಅರ್ಧ ಉತ್ತರ ಸರಿ ಇತ್ತು. ಉಳಿದರ್ಧ ಗಾಳಿಯಲ್ಲಿತ್ತು. ಅದು ಸಾಬೀತಾಗಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲವೇ, ಅದಷ್ಟೂ ಗಾಳಿಯಿಂದ ಬಂದದ್ದು.

ಎಲೆಯ ತಳಭಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಪತ್ರರಂಧ್ರ ಅಂತ ಶಾಲೆಯಲ್ಲಿ ಓದಿರುತ್ತೀರಿ. ಎರಡು ಕಾವಲು ಕೋಶಗಳು ಉಬ್ಬಿದರೆ ರಂಧ್ರ ತೆರೆಯುತ್ತದೆ, ಕುಗ್ಗಿದರೆ ಮುಚ್ಚುತ್ತದೆ. ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಆದರೆ ಅದೇ ಬಾಗಿಲಿನಿಂದ ಎಲೆಯ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಂದು ಅಣು ಇಂಗಾಲದ ಡೈಆಕ್ಸೈಡ್ ಪಡೆಯಲು ಸಾಮಾನ್ಯ ಗಿಡವೊಂದು ನೂರಾರು ಅಣು ನೀರು ಕಳೆದುಕೊಳ್ಳುತ್ತದೆ. ಭಾರಿ ದುಬಾರಿ ವ್ಯವಹಾರ. ಬರಗಾಲ ಬಂದರೆ ಗಿಡ ನೀರು ಉಳಿಸಿಕೊಳ್ಳಲು ಬಾಗಿಲು ಹಾಕಿಕೊಳ್ಳುತ್ತದೆ, ಆಗ ಇಂಗಾಲವೂ ಬರುವುದಿಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳಗೆ ಬಂದ ಇಂಗಾಲವನ್ನು ಹಿಡಿಯುವ ಕಿಣ್ವದ ಹೆಸರು ರುಬಿಸ್ಕೊ. ಭೂಮಿಯ ಮೇಲೆ ಅತಿ ಹೆಚ್ಚು ಇರುವ ಪ್ರೋಟೀನ್‌ಗಳಲ್ಲಿ ಇದೂ ಒಂದು. ಅಷ್ಟೊಂದು ಯಾಕೆ ಬೇಕು ಅಂದರೆ, ಇದು ತುಂಬಾ ನಿಧಾನ. ಬೇರೆ ಕಿಣ್ವಗಳು ಸೆಕೆಂಡಿಗೆ ನೂರಾರು, ಸಾವಿರಾರು ಅಣುಗಳನ್ನು ಮುಗಿಸುತ್ತವೆ, ಇದು ಮುಗಿಸುವುದು ಸುಮಾರು ಮೂರು. ಅದರ ಮೇಲೆ, ನಾಲ್ಕೈದು ಸಲಕ್ಕೆ ಒಮ್ಮೆ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದು ಕೂರುತ್ತದೆ. ಆದರೂ ನಾವು ತಿನ್ನುವ ಪ್ರತಿ ತುತ್ತೂ ಈ ನಿಧಾನದ ಕಿಣ್ವದ ಕೈದಾಟಿಯೇ ಬಂದಿರುತ್ತದೆ. ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹುಡುಕಿದ್ದು ಅಮೆರಿಕದ ಮೆಲ್ವಿನ್ ಕ್ಯಾಲ್ವಿನ್ ಮತ್ತು ಅವರ ಜೊತೆಗಾರರು. ವಿಕಿರಣಶೀಲ ಇಂಗಾಲ-14 ಇರುವ ಅನಿಲವನ್ನು ಪಾಚಿಗೆ ಕೊಟ್ಟು, ಕೆಲವೇ ಸೆಕೆಂಡಿನಲ್ಲಿ ಆ ಪಾಚಿಯನ್ನು ಬಿಸಿ ಆಲ್ಕೋಹಾಲಿಗೆ ಸುರಿದು ಕೊಂದು, ಅಷ್ಟರಲ್ಲಿ ಇಂಗಾಲ ಯಾವ ವಸ್ತುವಿನೊಳಗೆ ಸೇರಿತ್ತು ಅಂತ ನೋಡುತ್ತಿದ್ದರು. ಸಮಯ ಒಂದೊಂದೇ ಸೆಕೆಂಡ್ ಹೆಚ್ಚಿಸುತ್ತಾ ಹೋದಂತೆ ಇಡೀ ಸರಪಳಿ ಬಿಚ್ಚಿಕೊಂಡಿತು. 1961ರಲ್ಲಿ ಕ್ಯಾಲ್ವಿನ್‌ಗೆ ನೊಬೆಲ್ ಬಂತು.

ಇನ್ನು ವಾಪಸ್ ದಾರಿ. ನೆಲದ ಮೇಲಿನ ಗಿಡಮರಗಳು ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲವನ್ನು ಗಾಳಿಯಿಂದ ಎಳೆದುಕೊಳ್ಳುತ್ತವೆ. (ಇಲ್ಲಿಂದ ಮುಂದೆ ಇಂಗಾಲದ ತೂಕವನ್ನಷ್ಟೇ ಹೇಳುತ್ತೇನೆ. ಒಂದು ಟನ್ ಇಂಗಾಲ ಸುಟ್ಟರೆ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಹಾಗಾಗಿ ಮೇಲಿನ 3,700 ಕೋಟಿ ಟನ್ ಅಂದರೆ ಇಂಗಾಲದ ಲೆಕ್ಕದಲ್ಲಿ ಸುಮಾರು 1,000 ಕೋಟಿ ಟನ್.) ಆ 12,000ದಲ್ಲಿ ಅರ್ಧದಷ್ಟನ್ನು ಗಿಡಗಳೇ ಉಸಿರಾಡಿ ವಾಪಸ್ ಬಿಡುತ್ತವೆ. ಹೌದು, ಗಿಡವೂ ಹಗಲು ರಾತ್ರಿ ಉಸಿರಾಡುತ್ತದೆ, ಬದುಕಲು ಅದಕ್ಕೂ ಶಕ್ತಿ ಬೇಕಲ್ಲ. ಉಳಿದರ್ಧ ಎಲೆ, ಕಾಂಡ, ಬೇರು, ಹಣ್ಣು ಆಗುತ್ತದೆ. ಅದರಲ್ಲಿ ಸ್ವಲ್ಪ ಪ್ರಾಣಿಗಳ ಹೊಟ್ಟೆಗೆ ಹೋಗುತ್ತದೆ. ಬಹುಪಾಲು ಉದುರಿ ನೆಲಕ್ಕೆ ಬೀಳುತ್ತದೆ.

ನೆಲದ ಮೇಲಿನ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಬಿದ್ದ ಮರದ ದಿಮ್ಮಿಯನ್ನು ಹತ್ತಿರದಿಂದ ನೋಡಿ. ತೊಗಟೆಯ ಅಡಿಯಲ್ಲಿ ಬಿಳಿ ನೂಲಿನ ಹಾಗೆ ಶಿಲೀಂಧ್ರ ಹರಡಿರುತ್ತದೆ. ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಅನ್ನುವ ವಸ್ತುವನ್ನು ಪೂರ್ತಿ ಒಡೆಯಬಲ್ಲ ಜೀವಿಗಳು ಬಹಳ ಕಡಿಮೆ, ಅದರಲ್ಲಿ ಈ ಶಿಲೀಂಧ್ರಗಳೇ ಮುಖ್ಯ. ಇವು ತಮ್ಮ ಕಿಣ್ವವನ್ನು ಹೊರಗೆ ಸುರಿದು, ಮರವನ್ನು ಹೊರಗೇ ಜೀರ್ಣಿಸಿ, ಆಮೇಲೆ ಹೀರಿಕೊಳ್ಳುತ್ತವೆ. ಕೈಯಲ್ಲಿ ಹಿಸುಕಿದರೆ ಸ್ಪಂಜಿನ ಹಾಗೆ ಪುಡಿಯಾಗುವ ಆ ದಿಮ್ಮಿಯ ತೂಕ ಎಲ್ಲಿ ಹೋಯಿತು? ಹೆಚ್ಚಿನದು ಗಾಳಿಗೆ ಹೋಯಿತು. ಕೊಳೆಯುವುದು ಅಂದರೆ ಸೂಕ್ಷ್ಮಜೀವಿಗಳ ಉಸಿರಾಟ, ಅಷ್ಟೇ. ಇವು ಕೆಲಸ ನಿಲ್ಲಿಸಿದರೆ ಬಿದ್ದ ಮರಗಳು ಬಿದ್ದಲ್ಲೇ ಗುಡ್ಡೆಯಾಗಿ, ಇಂಗಾಲವೆಲ್ಲ ಅದರಲ್ಲೇ ಸಿಕ್ಕಿಕೊಂಡು, ಗಾಳಿಯಲ್ಲಿ ಗಿಡಗಳಿಗೆ ಬೇಕಾದಷ್ಟು ಉಳಿಯುತ್ತಲೇ ಇರಲಿಲ್ಲ. ಅಮೆಜಾನ್ ಕಾಡು ಜಗತ್ತಿಗೆ ನೂರಕ್ಕೆ 20ರಷ್ಟು ಆಮ್ಲಜನಕ ಕೊಡುತ್ತದೆ ಅನ್ನುವ ಮಾತು ಸುಳ್ಳಾಗುವುದೂ ಇಲ್ಲೇ: ಆ ಕಾಡು ಬಿಡುವ ಆಮ್ಲಜನಕವನ್ನು ಹೆಚ್ಚುಕಡಿಮೆ ಅಷ್ಟನ್ನೂ ಅದೇ ಕಾಡಿನ ಉಸಿರಾಟ, ಕೊಳೆಯುವಿಕೆ ಬಳಸಿಕೊಂಡು ಮುಗಿಸುತ್ತವೆ. ಆ ಕಾಡನ್ನು ಉಳಿಸಬೇಕಾದದ್ದು ಅದು ಹಿಡಿದಿಟ್ಟಿರುವ ಇಂಗಾಲಕ್ಕಾಗಿ, ಮಳೆಗಾಗಿ, ಅಲ್ಲಿರುವ ಜೀವಗಳಿಗಾಗಿ.

ಮೆಲುಕು ಹಾಕುವ ಪ್ರಾಣಿಗಳ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ದನದ ಇಂಗಾಲವೂ ಹುಲ್ಲಿನಿಂದಲೇ ಬಂದದ್ದು, ಆದರೆ ಒಂದಿಷ್ಟು ಮೀಥೇನ್ ಆಗಿ ವಾಪಸ್ ಹೋಗುತ್ತದೆ. ಅದು ಗಾಳಿಯಲ್ಲಿರುವ ಹತ್ತು-ಹನ್ನೆರಡು ವರ್ಷ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಶಾಖ ಹಿಡಿಯುತ್ತದೆ. ಹಾಗಾಗಿ ಎಷ್ಟು ವಾಪಸ್ ಹೋಯಿತು ಅನ್ನುವುದರ ಜೊತೆಗೆ ಯಾವ ರೂಪದಲ್ಲಿ ಹೋಯಿತು ಅನ್ನುವುದನ್ನೂ ನೋಡಬೇಕಾಗುತ್ತದೆ.

ಇಷ್ಟು ದೊಡ್ಡ ಎಳೆದಾಟ ನಿಜವಾಗಿ ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುವಂತೆ ತೋರಿಸಿದ್ದು ಚಾರ್ಲ್ಸ್ ಕೀಲಿಂಗ್. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅವರು ಗಾಳಿ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್ ಇತ್ತು, 315 ಪಿಪಿಎಂ ಅಂತ ಹೇಳುತ್ತಾರೆ. ಆ ಅಂಕಿ ಮೇ ತಿಂಗಳವರೆಗೆ ಏರಿ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ವರೆಗೆ ಇಳಿಯುತ್ತದೆ, ವರ್ಷ ವರ್ಷವೂ ಹೀಗೇ. ಭೂಮಿಯ ನೆಲದ ಬಹುಭಾಗ ಉತ್ತರ ಗೋಳಾರ್ಧದಲ್ಲಿದೆ. ಅಲ್ಲಿ ಬೇಸಿಗೆ ಬಂದು ಎಲೆ ಚಿಗುರಿದರೆ ಇಡೀ ಗಾಳಿಯಲ್ಲಿ ಇಂಗಾಲ ಕಡಿಮೆಯಾಗುತ್ತದೆ, ಎಲೆ ಉದುರಿ ಕೊಳೆತರೆ ಹೆಚ್ಚಾಗುತ್ತದೆ. ಏರಿಳಿತ ಸುಮಾರು 6 ಪಿಪಿಎಂ. ಸಮುದ್ರದ ಮಧ್ಯದ ಒಂದು ಬೆಟ್ಟದ ತುದಿಯಲ್ಲಿ ನಿಂತು ಸಾವಿರಾರು ಕಿಲೋಮೀಟರ್ ಆಚೆಯ ಕಾಡುಗಳ ಉಸಿರನ್ನು ಅಳೆದದ್ದು ಇದು. ನನಗೆ ಇದಕ್ಕಿಂತ ಸುಂದರವಾದ ಗ್ರಾಫ್ ಗೊತ್ತಿಲ್ಲ.

ಆದರೆ ಆ ಏರಿಳಿತ ಇಡಿಯಾಗಿ ಮೇಲಕ್ಕೆ ಹೋಗುತ್ತಲೇ ಇದೆ. ಕೈಗಾರಿಕೆ ಬರುವ ಮುಂಚೆ 280 ಇದ್ದದ್ದು 1958ಕ್ಕೆ 315, ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಸರಾಸರಿ 423.9. ಏರಿಕೆಗೆ ಕಾರಣ ಸುಟ್ಟ ಇಂಧನವೇ ಅಂತ ಹೇಗೆ ಗೊತ್ತು? ಇಂಗಾಲದ ಮೇಲೆ ಗುರುತು ಇರುತ್ತದೆ: ಅದರ ಪರಮಾಣುಗಳಲ್ಲಿ ತೂಕದ ಪ್ರಕಾರ 12, 13, 14 ಅಂತ ಬಗೆಗಳಿವೆ. ಇಂಗಾಲ-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಕೋಟಿಗಟ್ಟಲೆ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಒಂದಿಷ್ಟೂ ಉಳಿದಿರುವುದಿಲ್ಲ. ಇಂಥ ಇಂಗಾಲ ಸೇರಿ ಗಾಳಿಯ ಇಂಗಾಲ-14 ತೆಳ್ಳಗಾಗುತ್ತಿದೆ ಅಂತ ಹಾನ್ಸ್ ಸ್ಯೂಸ್ 1955ರಲ್ಲೇ ತೋರಿಸಿದ್ದರು. ಗಿಡಗಳಿಗೆ ಭಾರದ ಇಂಗಾಲ-13 ಅಷ್ಟಾಗಿ ಒಗ್ಗುವುದಿಲ್ಲ. ಆದ್ದರಿಂದ ಗಿಡಗಳಿಂದಾದ ಕಲ್ಲಿದ್ದಲಿನಲ್ಲೂ ಅದು ಕಡಿಮೆ, ಈಗ ಗಾಳಿಯಲ್ಲೂ ಅದರ ಪಾಲು ಇಳಿಯುತ್ತಿದೆ. ಮೂರನೆಯದಾಗಿ, ಸುಡಲು ಬೇಕಾದ ಆಮ್ಲಜನಕವೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದೆ, ಇದನ್ನು ಅಳೆದದ್ದು ಕೀಲಿಂಗ್ ಅವರ ಮಗ ರಾಲ್ಫ್. ನಮ್ಮ ಉಸಿರಿಗೆ ತೊಂದರೆಯಾಗುವಷ್ಟು ಅಲ್ಲ, ಆದರೆ ಪತ್ತೆ ಹಚ್ಚಲು ಸಾಕು. ಜ್ವಾಲಾಮುಖಿಗಳ ಮೇಲೆ ಹಾಕೋಣ ಅಂದರೆ ಅವು ವರ್ಷಕ್ಕೆ ಬಿಡುವುದು ಮನುಷ್ಯರು ಬಿಡುವುದರ ನೂರನೇ ಒಂದು ಭಾಗವೂ ಇಲ್ಲ.

ಇಂಗಾಲ ಗಾಳಿಯಿಂದ ನಮ್ಮ ಮೈಗೆ ಎಷ್ಟು ಬೇಗ ಬರುತ್ತದೆ ಅನ್ನುವುದಕ್ಕೂ ಒಂದು ಪುರಾವೆ ಇದೆ, ಸ್ವಲ್ಪ ಕಹಿಯಾದದ್ದು. 1950ರ ದಶಕದಿಂದ 1963ರವರೆಗೆ ತೆರೆದ ಗಾಳಿಯಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳು ಉತ್ತರ ಗೋಳಾರ್ಧದ ಇಂಗಾಲ-14 ಅನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದವು. ಅದು ಗಿಡಕ್ಕೆ ಹೋಯಿತು, ಊಟಕ್ಕೆ ಬಂತು, ಆಗ ಹುಟ್ಟುತ್ತಿದ್ದ ಮಕ್ಕಳ ಡಿಎನ್‌ಎಯಲ್ಲೂ ಸೇರಿತು. 2005ರಲ್ಲಿ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ಇದೇ ಗುರುತು ಹಿಡಿದು ಮನುಷ್ಯನ ಜೀವಕೋಶಗಳ ವಯಸ್ಸು ಅಳೆಯಿತು. ಮೆದುಳಿನ ಮೇಲ್ಪದರದ ನರಕೋಶಗಳಿಗೆ ಆ ಮನುಷ್ಯನಷ್ಟೇ ವಯಸ್ಸು ಅಂತ ಗೊತ್ತಾದದ್ದು ಹೀಗೆ.

ಸಮುದ್ರವೂ ಈ ಎಳೆದಾಟದಲ್ಲಿದೆ. ಗಾಳಿಯಲ್ಲಿರುವುದು ಸುಮಾರು 90,000 ಕೋಟಿ ಟನ್ ಇಂಗಾಲವಾದರೆ ಸಮುದ್ರದಲ್ಲಿ 38 ಲಕ್ಷ ಕೋಟಿ ಟನ್ ಇದೆ, ಹೆಚ್ಚಿನದು ಆಳದ ನೀರಿನಲ್ಲಿ ಕರಗಿಕೊಂಡು. ಅಲ್ಲಿನ ಜೀವಿಗಳೆಲ್ಲ ಸೇರಿ ಬರೀ 300 ಕೋಟಿ ಟನ್ನಿನ ಆಸುಪಾಸು. ಅಷ್ಟಿದ್ದರೂ ಇಡೀ ಭೂಮಿಯ ಹೊಸ ಬೆಳವಣಿಗೆಯಲ್ಲಿ ಹತ್ತಿರ ಹತ್ತಿರ ಅರ್ಧ ಅವುಗಳದೇ, ಯಾಕೆಂದರೆ ತೇಲುವ ಸೂಕ್ಷ್ಮ ಸಸ್ಯಗಳು ಕೆಲವೇ ದಿನದಲ್ಲಿ ಹುಟ್ಟಿ ಸಾಯುತ್ತವೆ. ನಾವು ಬಿಡುವ ಇಂಗಾಲದಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ನುಂಗುತ್ತದೆ. ಅದಕ್ಕೆ ತೆರುವ ಬೆಲೆ, ನೀರಿನ ಆಮ್ಲೀಯತೆ ಕೈಗಾರಿಕೆಗಿಂತ ಮುಂಚಿನ ಕಾಲಕ್ಕೆ ಹೋಲಿಸಿದರೆ ನೂರಕ್ಕೆ 30ರಷ್ಟು ಏರಿದೆ. ಚಿಪ್ಪು, ಹವಳ ಕಟ್ಟಿಕೊಳ್ಳುವ ಜೀವಿಗಳಿಗೆ ಕಷ್ಟ ಶುರುವಾಗಿದೆ.

ಇಲ್ಲಿ ಒಂದು ವಾದವನ್ನು ಎದುರಿಸಬೇಕು, ಬಹಳ ಸಲ ಕೇಳಿಬರುತ್ತದೆ. ಗಿಡಗಳು 12,000 ಕೋಟಿ, ಸಮುದ್ರ ಸುಮಾರು 8,000 ಕೋಟಿ ಟನ್ ತೆಗೆದುಕೊಂಡರೆ, ಗಾಳಿಯ 90,000 ಕೋಟಿ ನಾಲ್ಕೈದು ವರ್ಷದಲ್ಲಿ ಪೂರ್ತಿ ಬದಲಾಗಿಬಿಡುತ್ತದೆ, ಮತ್ಯಾಕೆ ಚಿಂತೆ ಅಂತ. ಅಂಕಿ ಸರಿ, ತೀರ್ಮಾನ ತಪ್ಪು. ನೀವು ಒಂದು ನೋಟು ಕೊಟ್ಟು ಅದೇ ಬೆಲೆಯ ಇನ್ನೊಂದು ನೋಟು ತೆಗೆದುಕೊಂಡರೆ ಜೇಬಿನಲ್ಲಿ ನೋಟು ಬದಲಾಯಿತು, ಹಣ ಅಷ್ಟೇ ಇದೆ ಅಲ್ವಾ? ಅಣುಗಳು ಅದಲು ಬದಲಾಗುತ್ತವೆ, ಹೆಚ್ಚುವರಿ ಹಾಗೇ ಉಳಿಯುತ್ತದೆ. ಆ ಹೆಚ್ಚುವರಿ ನಿಜವಾಗಿ ಕರಗಬೇಕಾದರೆ ಆಳ ಸಮುದ್ರಕ್ಕೆ ಇಳಿಯಬೇಕು, ಅದಕ್ಕೆ ನೂರಾರು ವರ್ಷ ಹಿಡಿಯುತ್ತದೆ. ಕೊನೆಯ ಪಾಲು ಕಲ್ಲಾಗಬೇಕು, ಅದಕ್ಕೆ ಲಕ್ಷಾಂತರ ವರ್ಷ. ಇವತ್ತು ಸುಟ್ಟ ಕಲ್ಲಿದ್ದಲಿನ ಇಂಗಾಲದಲ್ಲಿ ನೂರಕ್ಕೆ 15ರಿಂದ 40ರಷ್ಟರ ಪರಿಣಾಮ ಸಾವಿರ ವರ್ಷದ ಮೇಲೂ ಗಾಳಿಯಲ್ಲಿ ಉಳಿದಿರುತ್ತದೆ. ಕಲ್ಲಿದ್ದಲಿನ ಇಂಗಾಲ ಕೋಟಿಗಟ್ಟಲೆ ವರ್ಷಗಳ ಹಿಂದಿನ ಜೌಗು ಕಾಡುಗಳಿಂದ ಚೂರು ಚೂರೇ ಹೂತುಹೋದದ್ದು. ಅದನ್ನು ಗಾಳಿ-ಗಿಡಗಳ ಈ ವೇಗದ ಚಕ್ರಕ್ಕೆ ತಂದು ಸುರಿಯುತ್ತಿದ್ದೇವೆ. ಹೊರಗೆ ಹೋಗುವ ದಾರಿ ಮಾತ್ರ ಹಳೆಯ ನಿಧಾನದಲ್ಲೇ ಇದೆ.

ಈಗ ಇವತ್ತಿನ ಚಿಂತೆಗೆ ಬರುತ್ತೇನೆ. ಇಂಧನದ 1,000 ಕೋಟಿ, ಕಾಡು ಕಡಿಯುವುದರಿಂದ ಇನ್ನೊಂದು ನೂರು ಕೋಟಿ ಟನ್. ಇದರಲ್ಲಿ ಗಾಳಿಯಲ್ಲಿ ಉಳಿಯುತ್ತಾ ಬಂದಿರುವುದು ಅರ್ಧಕ್ಕಿಂತ ಕಡಿಮೆ. ಸುಮಾರು ನೂರಕ್ಕೆ 30 ಪಾಲನ್ನು ನೆಲದ ಕಾಡು-ಮಣ್ಣು, ಉಳಿದದ್ದನ್ನು ಸಮುದ್ರ ಹೀರಿಕೊಳ್ಳುತ್ತಾ ಬಂದಿವೆ. ಯಾರೂ ಕೇಳದೆ, ಯಾರೂ ದುಡ್ಡು ಕೊಡದೆ ಸಿಕ್ಕ ಸಹಾಯ ಇದು. ಇದಿಲ್ಲದಿದ್ದರೆ ನಾವು ಈಗಿರುವ ಬಿಸಿಯನ್ನು ಎಂದೋ ದಾಟಿರುತ್ತಿದ್ದೆವು.

ಈ ಸಹಾಯ 2023-24ರಲ್ಲಿ ತಗ್ಗಿತು. 2023ರಿಂದ 2024ಕ್ಕೆ ಗಾಳಿಯಲ್ಲಿ 3.5 ಪಿಪಿಎಂ ಏರಿತು, ಅಳತೆ ಶುರುವಾದಾಗಿನಿಂದ ಅಲ್ಲಿಯವರೆಗೆ ಒಂದೇ ವರ್ಷದಲ್ಲಿ ಅಷ್ಟು ಏರಿದ್ದೇ ಇರಲಿಲ್ಲ. ಇಂಗಾಲದ ಲೆಕ್ಕದಲ್ಲಿ 740 ಕೋಟಿ ಟನ್, ಅಂದರೆ ಬಿಟ್ಟದ್ದರಲ್ಲಿ ಮೂರನೇ ಎರಡು ಭಾಗದಷ್ಟು ಗಾಳಿಯಲ್ಲೇ ಕೂತಿತು. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆ ಏರುಪೇರಾಗುವ ಎಲ್ ನಿನ್ಯೋ ಇತ್ತು, ದಾಖಲೆಯ ಬಿಸಿ ಇತ್ತು, ಬರ ಇತ್ತು. ಎಲೆಯ ಬಾಗಿಲು ಮುಚ್ಚುವ ವಿಷಯ ಹೇಳಿದ್ದೆನಲ್ಲ, ಅದೇ ಇಡೀ ಖಂಡಗಳ ಮಟ್ಟದಲ್ಲಿ ನಡೆಯಿತು. ಮಣ್ಣಿನ ಸೂಕ್ಷ್ಮಜೀವಿಗಳಾದರೋ, ತೇವ ಇರುವ ಕಡೆ, ಬಿಸಿ ಏರಿದಷ್ಟೂ ಬೇಗ ಬೇಗ ಉಸಿರಾಡುತ್ತವೆ. ಕೆನಡಾದ ಕಾಡುಗಳು 2023ರಲ್ಲಿ ಉರಿದು ಸುಮಾರು 64 ಕೋಟಿ ಟನ್ ಇಂಗಾಲ ಬಿಟ್ಟವು; ಆ ವರ್ಷ ಇಂಧನ ಸುಟ್ಟು ಅದಕ್ಕಿಂತ ಜಾಸ್ತಿ ಬಿಟ್ಟ ದೇಶಗಳು ಮೂರೇ, ಚೀನಾ, ಅಮೆರಿಕ, ಭಾರತ.

ಎಲ್ ನಿನ್ಯೋ ಹೋದರೆ ಕಾಡು ಮತ್ತೆ ಹೀರುತ್ತದೆ, ಹಿಂದೆಯೂ ಹೀಗಾಗಿದೆ ಅನ್ನುವುದು ನಿಜ. ಸುಟ್ಟ ಕಾಡು ಮತ್ತೆ ಚಿಗುರಿದರೆ ಆ ಇಂಗಾಲ ವಾಪಸ್ ಬರುತ್ತದೆ ಅನ್ನುವುದೂ ನಿಜ. ಆದರೆ ಚಿಗುರಿ ದೊಡ್ಡದಾಗುವ ಮುಂಚೆ ಮತ್ತೆ ಬೆಂಕಿ ಬಿದ್ದರೆ? ನನಗೆ ಹೆಚ್ಚು ಭಯ ಹುಟ್ಟಿಸುವುದು ಒಂದು ವರ್ಷದ ಅಂಕಿಗಿಂತ ಈ ನಿಧಾನದ ಬದಲಾವಣೆ. ಬ್ರೆಜಿಲ್‌ನ ಲೂಸಿಯಾನಾ ಗಟ್ಟಿ ಮತ್ತು ತಂಡದವರು 2010ರಿಂದ 2018ರವರೆಗೆ ಸಣ್ಣ ವಿಮಾನಗಳಲ್ಲಿ ಅಮೆಜಾನಿನ ಮೇಲಿನ ಗಾಳಿಯನ್ನು ನೂರಾರು ಸಲ ಹಿಡಿದು ತಂದು ಅಳೆದರು. ಆಗ್ನೇಯ ಭಾಗದ ಕಾಡು ಹೀರುವುದಕ್ಕಿಂತ ಬಿಡುವುದೇ ಜಾಸ್ತಿ ಆಗಿದೆ ಅಂತ 2021ರಲ್ಲಿ ಪ್ರಕಟಿಸಿದರು. ಉತ್ತರದ ತುದಿಯಲ್ಲಿ ಹೆಪ್ಪುಗಟ್ಟಿದ ನೆಲದೊಳಗೆ, ಪರ್ಮಾಫ್ರಾಸ್ಟ್ ಅನ್ನುತ್ತಾರಲ್ಲ, ಗಾಳಿಯಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇಂಗಾಲ ಕೊಳೆಯದೆ ಕೂತಿದೆ. ಚಳಿಯೊಂದೇ ಅದಕ್ಕೆ ಬೀಗ.

ಇಂಗಾಲ ಜಾಸ್ತಿಯಾದರೆ ಗಿಡ ಜಾಸ್ತಿ ಬೆಳೆಯುತ್ತದೆ, ಒಳ್ಳೆಯದೇ ಅಲ್ವಾ ಅನ್ನುವವರೂ ಇದ್ದಾರೆ. ಸ್ವಲ್ಪ ಮಟ್ಟಿಗೆ ಸರಿ, ನೆಲ ಇಷ್ಟು ಹೀರಲು ಅದೂ ಒಂದು ಕಾರಣ. ಆದರೆ ಗಿಡಕ್ಕೆ ರಂಜಕ, ಸಾರಜನಕವೂ ಬೇಕು. ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ಒಂದು ಬೆಳೆದ ನೀಲಗಿರಿ ಕಾಡಿನಲ್ಲಿ ಮರಗಳ ಸುತ್ತ ಕೊಳವೆ ನಿಲ್ಲಿಸಿ, ಗಾಳಿಯ ಇಂಗಾಲದ ಡೈಆಕ್ಸೈಡನ್ನು 150 ಪಿಪಿಎಂ ಹೆಚ್ಚಿಸಿ, ವರ್ಷಗಟ್ಟಲೆ ನೋಡಿದರು. ಎಲೆಗಳು ನೂರಕ್ಕೆ 12ರಷ್ಟು ಹೆಚ್ಚು ಇಂಗಾಲ ಎಳೆದುಕೊಂಡವು. ಮರ ಮಾತ್ರ ದಪ್ಪವಾಗಲಿಲ್ಲ. ಮಣ್ಣಿನಲ್ಲಿ ರಂಜಕ ಕಡಿಮೆ ಇದ್ದ ಆ ಕಾಡಿನಿಂದ ಆ ಹೆಚ್ಚಿನ ಇಂಗಾಲದಲ್ಲಿ ಬಹುಪಾಲು ಗಾಳಿಗೇ ವಾಪಸ್ ಹೋಯಿತು, ಅರ್ಧದಷ್ಟು ಮಣ್ಣಿನ ಮೂಲಕವೇ. 2020ರ ಈ ಫಲಿತಾಂಶ ಎಲ್ಲ ಕಾಡಿಗೂ ಅನ್ವಯಿಸಲಿಕ್ಕಿಲ್ಲ, ಎಳೆಯ ಕಾಡುಗಳಲ್ಲಿ ಬೇರೆ ಥರ ಆಗಿದೆ. ಆದರೆ ಬೆಳೆದ ಕಾಡು ಎಷ್ಟು ಕೊಟ್ಟರೂ ಹೀರುತ್ತಲೇ ಇರುತ್ತದೆ ಅನ್ನುವ ನಂಬಿಕೆ ಮೇಲೆ ಲೆಕ್ಕ ಕಟ್ಟುವುದು ಸರಿಯಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಮರ ನೆಟ್ಟು ಕಲ್ಲಿದ್ದಲಿನ ಪಾಪ ತೊಳೆಯುವ ಯೋಜನೆಗಳನ್ನು ನಾನು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ. ಮರ ನೆಡಬೇಡಿ ಅಂತ ಅಲ್ಲ. ಕಡಿದ ಕಾಡನ್ನು ಮತ್ತೆ ಬೆಳೆಸಿದರೆ ಹಿಂದೆ ಕಡಿದು ಬಿಟ್ಟ ಇಂಗಾಲವನ್ನು ವಾಪಸ್ ತಂದ ಹಾಗಾಗುತ್ತದೆ, ಅದು ಆಗಲೇಬೇಕಾದ ಕೆಲಸ. ಇರುವ ಹಳೆಯ ಕಾಡನ್ನು ಕಾಯುವುದು ಅದಕ್ಕಿಂತಲೂ ಮೊದಲಿನ ಕೆಲಸ. ಆದರೆ ಮರದಲ್ಲಿ ಇಂಗಾಲ ಇರುವುದು ಮರ ಇರುವಷ್ಟು ದಿನ. ಕಟ್ಟಿಗೆಯ ಉಂಡೆಗಳನ್ನು ಸುಟ್ಟು ವಿದ್ಯುತ್ ಮಾಡಿದರೆ ಅದನ್ನು ಸೊನ್ನೆ ಮಾಲಿನ್ಯ ಅನ್ನುವ ಲೆಕ್ಕದಲ್ಲೂ ಇದೇ ತೊಡಕು. ಅಂತರರಾಷ್ಟ್ರೀಯ ನಿಯಮದಲ್ಲಿ ಆ ಇಂಗಾಲವನ್ನು ಸುಟ್ಟ ಕಡೆ ಹಿಡಿಯುವುದಿಲ್ಲ, ಮರ ಕಡಿದ ದೇಶದ ನೆಲದ ಲೆಕ್ಕದಲ್ಲಿ ಹಿಡಿಯಬೇಕು. ಸುಟ್ಟವರ ಜಾಹೀರಾತಿನಲ್ಲಿ ಸೊನ್ನೆ ಮಾತ್ರ ಕಾಣುತ್ತದೆ. ಕಡಿದ ಮರದಷ್ಟು ಇನ್ನೊಂದು ಮರ ಬೆಳೆಯುವ ಹತ್ತಾರು ವರ್ಷ ಆ ಇಂಗಾಲ ಗಾಳಿಯಲ್ಲೇ ಇರುತ್ತದೆ, ಬಿಸಿ ಏರಿಸುತ್ತಲೇ ಇರುತ್ತದೆ.

ಕ್ಯಾಲಿಫೋರ್ನಿಯಾದ ವ್ಯವಸ್ಥೆ ಇಂಥ ಯೋಜನೆಗಳಲ್ಲಿ ಕಟ್ಟುನಿಟ್ಟಾದದ್ದು. ಕಾಡಿನವರು ತಮ್ಮ ಮರಗಳು ಹಿಡಿದ ಇಂಗಾಲದ ಲೆಕ್ಕವನ್ನು ಇಂಧನ ಸುಡುವ ಕಂಪನಿಗಳಿಗೆ ಮಾರುತ್ತಾರೆ, ಹಾಗೆ ಮಾರಾಟ ಮಾಡಿದ ಇಂಗಾಲ ನೂರು ವರ್ಷ ಕಾಡಿನಲ್ಲಿರಬೇಕು ಅಂತ ಅಲ್ಲಿ ನಿಯಮ. ಬೆಂಕಿ, ರೋಗ, ಬರ ಬಂದರೆ ತುಂಬಿಕೊಡಲು ಪ್ರತಿ ಯೋಜನೆಯೂ ಒಂದಿಷ್ಟು ಪಾಲನ್ನು ಮೀಸಲು ಇಡಬೇಕು. 2022ರಲ್ಲಿ ಬಂದ ಒಂದು ಅಧ್ಯಯನ ಆ ಮೀಸಲನ್ನು ಲೆಕ್ಕ ಹಾಕಿ ನೋಡಿತು. ನೂರು ವರ್ಷದ ಬೆಂಕಿಗೆಂದು ಎತ್ತಿಟ್ಟ ಪಾಲಿನ ಬಹುಭಾಗ ಹತ್ತು ವರ್ಷದೊಳಗಿನ ಬೆಂಕಿಗಳಿಗೇ ಸರಿಹೋಗಿತ್ತು. ಆ ಕಾಡುಗಳ ಲೆಕ್ಕ ತೋರಿಸಿ ಕಂಪನಿಗಳು ಸುಟ್ಟ ಪಳೆಯುಳಿಕೆ ಇಂಧನದ (ಕಲ್ಲಿದ್ದಲು, ಪೆಟ್ರೋಲಿಯಂ, ಅನಿಲ) ಇಂಗಾಲಕ್ಕೆ ನೂರು ವರ್ಷದ ಗಡುವು ಯಾರೂ ಹಾಕಿಲ್ಲ, ಅದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಇರುತ್ತದೆ. ಯಾವುದಾದರೂ ಕಂಪನಿ ಅಥವಾ ಸರ್ಕಾರ ನೆಟ್ ಜೀರೋ ಅಂದಾಗ ಎರಡು ಅಂಕಿ ಬೇರೆ ಬೇರೆಯಾಗಿ ಕೇಳಿ: ನೆಲದಡಿಯಿಂದ ತೆಗೆದು ಸುಡುವುದನ್ನು ಎಷ್ಟು ಕಡಿಮೆ ಮಾಡುತ್ತೀರಿ, ಮತ್ತು ಮರಕ್ಕೆ, ಮಣ್ಣಿಗೆ ಎಷ್ಟು ಸೇರಿಸುತ್ತೀರಿ. ಒಂದರೊಳಗೆ ಇನ್ನೊಂದನ್ನು ಕಳೆದು ಸೊನ್ನೆ ತೋರಿಸಿದರೆ, ಆ ಮರಗಳು ಎಷ್ಟು ವರ್ಷ ನಿಲ್ಲುತ್ತವೆ, ಸುಟ್ಟುಹೋದರೆ ತುಂಬಿಕೊಡುವವರು ಯಾರು ಅಂತಲೂ ಅದೇ ಕಾಗದದಲ್ಲಿ ಬರೆದಿರಬೇಕು.